ಹೇಗೂ ಬಿಚ್ಚಿದ್ದೀವಲ್ಲ

ಹಳೇ ಕಾರಿನ ಗ್ಯಾರೇಜಿನಲ್ಲಿ ಎಲ್ಲಕ್ಕಿಂತ ದುಬಾರಿ ಮಾತು ‘ಹೇಗೂ ಬಿಚ್ಚಿದ್ದೀವಲ್ಲ’ ಎಂಬುದು. ಹಿಂದಿನ ಬಲಗಾಲಿಯಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದೆ ಎಂದು ಒಳಬಂದ ಪ್ರೀಮಿಯರ್ ಪದ್ಮಿನಿ ಆರು ತಿಂಗಳಾದರೂ ನಾಲ್ಕು ಕಲ್ಲಿನ ಮೇಲೆ ಕೂತಿರುತ್ತದೆ. ಎಂಜಿನ್ ಒಂದು ಮೂಲೆಯಲ್ಲಿ, ಸೀಟುಗಳು ಅಟ್ಟದ ಮೇಲೆ, ಬೋಲ್ಟುಗಳೆಲ್ಲ ಒಂದೇ ಪೇಂಟ್ ಡಬ್ಬಿಯಲ್ಲಿ. ನೋಡಿದವರ ತೀರ್ಪು ಸಲೀಸು: ಮೇಸ್ತ್ರಿ ಆಸೆಬುರುಕ, ಇಲ್ಲವೇ ಮಾಲೀಕನಿಗೆ ಹುಚ್ಚು. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ನೋಡಿಕೊಳ್ಳಲು ಹೆಂಡತಿ ಎಂದು ಸಂಸಾರ ಕಟ್ಟಿಕೊಂಡ ಸನ್ಯಾಸಿಯ ಕಥೆಯನ್ನೂ ಯಾರಾದರೂ ನೆನೆಸುತ್ತಾರೆ. ಆದರೆ ಆ ಹೋಲಿಕೆ ಅರ್ಧಕ್ಕೇ ಕೈಕೊಡುತ್ತದೆ. ಸನ್ಯಾಸಿ ಇಲ್ಲದ್ದನ್ನು ತಂದುಕೊಂಡ. ಹಳೇ ಕಾರಿನಲ್ಲಿ ಮೊದಲೇ ಇದ್ದದ್ದು ಹೊರಬೀಳುತ್ತದೆ, ಒಂದು ಹಂತದವರೆಗೆ. ಆ ಹಂತ ಮುಗಿದದ್ದು ಗೊತ್ತಾಗದೆ ಮುಂದೆ ಹೋಗುವುದೇ ಈ ಹವ್ಯಾಸದ ನಿಜವಾದ ದೋಷ ಎಂಬುದು ನನ್ನ ವಾದ.

ಆ ಬ್ರೇಕನ್ನೇ ತೆಗೆದುಕೊಳ್ಳಿ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಬಂದು, ಮುಂದೆ ಪದ್ಮಿನಿ ಎನಿಸಿಕೊಂಡ ಈ ಕಾರಿಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಆ ನೀರು ಸಿಲಿಂಡರಿನ ಒಳಮೈಗೆ ತುಕ್ಕು ಹಿಡಿಸುತ್ತದೆ. ಗಾಲಿ ಸಿಲಿಂಡರಿಗೆ ಹೊಸ ರಬ್ಬರ್ ಹಾಕುವುದು ದೊಡ್ಡ ಕೆಲಸವಲ್ಲ. ಹಾಕಿದ ಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು: ಒಬ್ಬ ಒಳಗೆ ಕೂತು ಪೆಡಲನ್ನು ತಳ ಮುಟ್ಟುವವರೆಗೆ ಒತ್ತುತ್ತಾನೆ, ಇನ್ನೊಬ್ಬ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನಿಪ್ಪಲ್ ಸಡಿಲಿಸುತ್ತಾನೆ. ದಿನದ ಓಡಾಟದಲ್ಲಿ ಪೆಡಲು ಅಷ್ಟು ಕೆಳಗೆ ಹೋಗುವುದೇ ಇಲ್ಲ. ಮಾಸ್ಟರ್ ಸಿಲಿಂಡರಿನ ರಬ್ಬರ್ ಇಷ್ಟು ವರ್ಷ ಆಚೀಚೆ ಸರಿದಾಡಿದ್ದು ತಾನೇ ಉಜ್ಜಿ ನುಣುಪು ಮಾಡಿಕೊಂಡ ಸಣ್ಣ ಜಾಗದಲ್ಲಿ. ಈಗ ಅದು ಅದರಾಚೆಯ ಒರಟು ತುಕ್ಕಿನ ಮೇಲೆ ಹಾಯುತ್ತದೆ, ಅಂಚು ಹರಿಯುತ್ತದೆ. ಕೆಲವೇ ದಿನಗಳಲ್ಲಿ ಪೆಡಲು ಕಾಲಡಿ ಮೆತ್ತಗೆ ಇಳಿಯತೊಡಗುತ್ತದೆ. ಮೇಸ್ತ್ರಿ ಬೇಕಂತಲೇ ಕೆಡಿಸಿದ ಎಂಬ ಗುಮಾನಿ ಹುಟ್ಟುವುದು ಆಗ. ಆತ ಮಾಡಿದ್ದು ಸರಿಯಾದ ಕೆಲಸವನ್ನೇ. ಒಟ್ಟುಕುಟುಂಬದ ಮುದುಕರ ಹಾಗೆ ಹಳೇ ಭಾಗಗಳು ಒಂದರ ದೌರ್ಬಲ್ಯಕ್ಕೆ ಇನ್ನೊಂದು ಒಗ್ಗಿಕೊಂಡಿರುತ್ತವೆ. ಒಂದಕ್ಕೆ ಶಕ್ತಿ ಬಂದರೆ ಪಕ್ಕದ್ದು ಕುಸಿಯುತ್ತದೆ.

ತುಕ್ಕಿನ ಕಥೆಯೂ ಇಂಥದೇ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಎದ್ದ ಬಣ್ಣದ ಗುಳ್ಳೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಅದು ಒಳಗಿಳಿದರೆ ಪುಟ್ಟಿ ಮೆತ್ತಿ ಮುಗಿಸುವಂತಿಲ್ಲ, ತಗಡು ಕತ್ತರಿಸಿ ವೆಲ್ಡ್ ಮಾಡಲೇಬೇಕು. ಶೇ 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲು ಕೆಲಸ ಬೆಳೆಯಲು ಇನ್ನೊಂದು ದಾರಿ ತೆರೆದಿದೆ. ಆ ಕಾಲದ ರಬ್ಬರ್ ಪೈಪು, ವಾಷರುಗಳು ಅದಕ್ಕೆಂದು ತಯಾರಾದವಲ್ಲ. ಇಂಥ ಕಡೆ ಕೆಲಸ ಬೆಳೆದರೆ ಅದು ಯಾರ ಚಪಲವೂ ಅಲ್ಲ.

ಆದರೆ ‘ಹೇಗೂ ಬಿಚ್ಚಿದ್ದೀವಲ್ಲ’ ಇದಾವುದನ್ನೂ ಹೇಳುತ್ತಿಲ್ಲ. ಅದು ಕಾರು ಕೇಳಿದ್ದಲ್ಲ, ನಾವು ಕಾರಿನ ಬಾಯಿಂದ ಆಡಿಸಿದ್ದು. ಅದರ ಪರವಾಗಿ ಒಂದು ಗಟ್ಟಿ ವಾದ ಇರುವುದು ನಿಜ. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ ರಿಲೀಸ್ ಬೇರಿಂಗನ್ನೂ ಆಯಿಲ್ ಸೀಲನ್ನೂ ಬದಲಿಸದವನು ಜಾಣನಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಅದೇ ಕೂಲಿಯನ್ನು ಎರಡು ಸಲ ತೆರುತ್ತಾನೆ. ಒಪ್ಪಿದೆ. ಈ ಲೆಕ್ಕ ನಿಲ್ಲುವುದು ಅದೇ ಬೋಲ್ಟು ಬಿಚ್ಚಿದರೆ ಕೈಗೆ ಸಿಗುವ ಭಾಗಗಳಿಗೆ ಮಾತ್ರ. ಗೇರ್‌ಬಾಕ್ಸ್ ಇಳಿದಿದೆ ಎಂದು ಎಂಜಿನ್ ಎತ್ತಿ, ಎಂಜಿನ್ ಎತ್ತಿದೆ ಎಂದು ಬಾನೆಟ್ಟಿನ ಒಳಗೆಲ್ಲ ಬಣ್ಣ ಹೊಡೆಸಿ, ಒಳಗೆ ಹೊಸ ಬಣ್ಣ ಬಂತೆಂದು ಹೊರಗೂ ಹೊಡೆಸುವುದಕ್ಕೆ ಅದೇ ಲೆಕ್ಕ ತೋರಿಸಿದರೆ ಅದು ಲೆಕ್ಕವಲ್ಲ, ನೆಪ. ಬಿಡಿಭಾಗ ಮುಂದೆ ಸಿಗಲಿಕ್ಕಿಲ್ಲ, ಬಲ್ಲ ಮೇಸ್ತ್ರಿಗಳೂ ಇರಲಿಕ್ಕಿಲ್ಲ, ಈಗಲೇ ಎಲ್ಲ ಮಾಡಿಬಿಡೋಣ ಎನ್ನುವವರೂ ಇದ್ದಾರೆ. ಆ ಭಯಕ್ಕೆ ಮದ್ದು ಬಿಡಿಭಾಗವನ್ನು ಕೊಂಡು ಕಪಾಟಿನಲ್ಲಿಡುವುದು, ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳು ಇನ್ನೂ ಬಾಗಿಲು ತೆರೆದಿವೆ. ಚೆನ್ನಾಗಿ ಓಡುತ್ತಿರುವ ಭಾಗವನ್ನು ಕಿತ್ತು, ಗುಣಮಟ್ಟ ತಿಳಿಯದ ಹೊಸದನ್ನು ಕೂರಿಸುವುದಲ್ಲ.

ಮುಂಬಯಿಯ ಕಪ್ಪು-ಹಳದಿ ‘ಕಾಲಿ-ಪೀಲಿ’ ಟ್ಯಾಕ್ಸಿಗಳು ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರಲ್ಲಿ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಹವ್ಯಾಸಿಯ ಕಾರಿಗೂ ಆ ಟ್ಯಾಕ್ಸಿಗೂ ಇದ್ದದ್ದು ಅದೇ 1089 ಸಿಸಿ ಎಂಜಿನ್ನು, ಅದೇ ಬ್ರೇಕು, ಅದೇ ತುಕ್ಕು, ಮೇಲೆ ಕಡಲ ಉಪ್ಪುಗಾಳಿ ಬೇರೆ. ಟ್ಯಾಕ್ಸಿ ನಿಂತ ದಿನ ಚಾಲಕನಿಗೆ ಸಂಪಾದನೆಯಿಲ್ಲ. ಹಾಗಾಗಿ ಏನನ್ನು ಬಿಚ್ಚಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಸಂಜೆಯ ಬಾಡಿಗೆಯೇ ತೀರ್ಮಾನಿಸುತ್ತಿತ್ತು. ಅದು ತೇಪೆ ಕೆಲಸ, ಅಪಾಯಕಾರಿ ಎಂದರೆ ಪೂರ್ತಿ ಅಲ್ಲಗಳೆಯಲಾರೆ. ತೇಪೆ ಹಾಕಬಾರದ ಜಾಗಗಳಿವೆ: ಬ್ರೇಕು, ಸ್ಟೀರಿಂಗು, ಪೆಟ್ರೋಲಿನ ಪೈಪು, ಭಾರ ಹೊರುವ ತಗಡು. ಉಳಿದದ್ದಕ್ಕೆ ಟ್ಯಾಕ್ಸಿಯ ಶಿಸ್ತೇ ಮೇಲು. ಸರ್ಕಾರದ ನಿಯಮವೂ ಅತಿ ರಿಪೇರಿಯ ಪರ ಇಲ್ಲ. ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ತುಂಬಿದರೆ ಸಾಲದು. ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮಾರ್ಪಾಡು ಆಗಿರಬಾರದು.

ಹಾಗಾದರೆ ಜಿನುಗುತ್ತಿದ್ದ ಆ ಬಲಗಾಲಿಗೆ ಏನು ಮಾಡಬೇಕು? ನಾಲ್ಕೂ ಗಾಲಿಯ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ತುಕ್ಕು ತಿಂದ ಪೈಪು, ಆಯಿಲ್ ಕುಡಿದ ಲೈನರು, ಇಷ್ಟನ್ನೂ ಜಿಪುಣತನ ತೋರದೆ ಮಾಡಿಸಬೇಕು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ತುಂಬುವಾಗ ಚೆಲ್ಲಿದ ಕಡೆ ಬಾನೆಟ್ಟಿನಡಿ ಅಂಗೈಯಗಲ ತಗಡು ಕಾಣುತ್ತದೆ. ಪೂರಾ ಪೇಂಟಿಂಗಿನ ಮಾತು ಶುರುವಾಗುವುದು ಸಾಮಾನ್ಯವಾಗಿ ಇಂಥ ಕಲೆಯಿಂದಲೇ. ಅದಕ್ಕೆ ಬ್ರಷ್ಷಿನಲ್ಲಿ ಒಂದು ಕೈ ಬಣ್ಣ ಎಳೆದರೆ ಸಾಕು. ಬಾನೆಟ್ ಹಾಕಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ.