ಕಹಳೆ ಕೊಟ್ಟವರು ಯಾರು?

ರಾಜ ಮುನಿದಾಗಲೆಲ್ಲ ಯಾರದಾದರೂ ಕೈ ಕಡಿಸುತ್ತಾನೆ. ಕೈ ಕಳೆದುಕೊಂಡವರನ್ನು ದೂರದ ಹಳ್ಳಿಗಳಿಗೆ ಅಟ್ಟುತ್ತಾರೆ. ಊರಲ್ಲಿ ಉಳಿದವರು ಹೊಟ್ಟೆ ತುಂಬ ಉಣ್ಣುತ್ತಾರೆ, ಒಳ್ಳೆಯ ಸಂಗೀತ ಕೇಳುತ್ತಾರೆ, ಒಳ್ಳೆಯ ಚಿತ್ರಗಳ ನಡುವೆ ಬದುಕುತ್ತಾರೆ. ರಾಜನ ಮೇಲೆ ಯಾರಿಗೂ ಸಿಟ್ಟಿಲ್ಲ. ಅಮೆರಿಕದ ಲಾಯ್ಡ್ ಬಿಗಲ್ 1968ರಲ್ಲಿ ಪ್ರಕಟಿಸಿದ ‘ದಿ ಸ್ಟಿಲ್, ಸ್ಮಾಲ್ ವಾಯ್ಸ್ ಆಫ್ ಟ್ರಂಪೆಟ್ಸ್’ ಕಾದಂಬರಿ ಇಂಥ ಒಂದು ದೇಶವನ್ನು ಕಲ್ಪಿಸುತ್ತದೆ. ಗ್ರಹದ ಹೆಸರು ಗರ್ನಿಲ್, ದೇಶ ಕುರ್, ರಾಜ ರೊವ್ವ. ಅಲ್ಲಿ ಪ್ರಜಾಪ್ರಭುತ್ವ ಮೂಡಿಸಬೇಕೆಂದು ಅಂತರಗ್ರಹ ಸಂಬಂಧಗಳ ಬ್ಯೂರೋ ಒಂದು ನಾನೂರು ವರ್ಷಗಳಿಂದ ವೇಷ ಮರೆಸಿಕೊಂಡು ದುಡಿಯುತ್ತಿದೆ, ನಾನೂರು ವರ್ಷಗಳಿಂದಲೂ ಸೋಲುತ್ತಿದೆ. ಹೊರಗಿನವರು ತಂದು ಹೇರಿದ ಪ್ರಜಾಪ್ರಭುತ್ವ ದಬ್ಬಾಳಿಕೆಯಲ್ಲದೆ ಬೇರೇನಲ್ಲ ಎಂಬುದು ಬ್ಯೂರೋದ ಮೂಲನಂಬಿಕೆ. ಆದ್ದರಿಂದ ಬದಲಾವಣೆಯ ಆಸೆ ಜನರೊಳಗಿನಿಂದಲೇ ಹುಟ್ಟಬೇಕು. ಹುಟ್ಟಿಸುವವರು ಮಾತ್ರ ಹೊರಗಿನವರು! ಕಾದಂಬರಿಯ ಶಕ್ತಿ, ದೌರ್ಬಲ್ಯ ಎರಡೂ ಇರುವುದು ಈ ಇಕ್ಕಟ್ಟಿನಲ್ಲಿಯೇ.

ಬಿಗಲ್ (1923–2002) ಮೂಲತಃ ಸಂಗೀತ ವಿದ್ವಾಂಸ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಪಾಠ ಹೇಳಿದವರು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಎಲ್ಬ್ ನದಿಯ ಬಳಿ ಕಾಲಿಗೆ ಸಿಡಿಗುಂಡಿನ ಚೂರು ಹೊಕ್ಕು ಜೀವನವಿಡೀ ಅದರ ಊನ ಹೊತ್ತವರು. ಕೈ ಕಡಿಸಿಕೊಂಡ ವಾದಕನ ಪಾಡನ್ನು ಅವರು ಕನಿಕರದ ಸರಕಾಗಿ ಮಾಡದಿರುವುದಕ್ಕೆ ಈ ಅನುಭವವೇ ಕಾರಣವಿರಬೇಕೆಂದು ನನಗೆ ಅನ್ನಿಸುತ್ತದೆ. ಕಥೆಯ ಚಿಕ್ಕ ರೂಪ 1961ರಲ್ಲಿ ‘ಅನಲಾಗ್’ ಪತ್ರಿಕೆಯಲ್ಲಿ ಬಂದಿತ್ತು. ಅದು ಪುಸ್ತಕವಾಗುವ ಹೊತ್ತಿಗೆ ಅಮೆರಿಕದ ಸೈನ್ಯ ಸ್ವಾತಂತ್ರ್ಯದ ಹೆಸರು ಹೇಳಿಕೊಂಡು ವಿಯೆಟ್ನಾಮಿನಲ್ಲಿತ್ತು. ಆ ಹೊತ್ತಿನಲ್ಲಿ ಒಬ್ಬ ಅಮೆರಿಕನ್ ಲೇಖಕ ಹೇರಿಕೆಯ ವಿರುದ್ಧ ಇಡೀ ಕಾದಂಬರಿ ಕಟ್ಟಿದ್ದು ಸಣ್ಣ ಮಾತಲ್ಲ.

ಬ್ಯೂರೋ ಸೋತದ್ದು ಏಕೆ ಎಂಬುದನ್ನು ಕಂಡುಕೊಳ್ಳುವವನು ಸಂಸ್ಕೃತಿ ಸಮೀಕ್ಷೆಯ ಅಧಿಕಾರಿ ಜೆಫ್ ಫೋರ್ಜಾನ್. ಹಸಿವಿನ, ತೆರಿಗೆಯ ಮಾತೆತ್ತಿದರೆ ಕುರ್ ಜನ ಕದಲುವುದಿಲ್ಲ, ಏಕೆಂದರೆ ಅವರಿಗೆ ಆ ಕಷ್ಟಗಳಿಲ್ಲ. ಅವರಿಗೆ ಪ್ರಾಣವಾಗಿರುವುದು ಕಲೆ. ಅವರ ತಂತಿವಾದ್ಯ ನುಡಿಸಲು ಎರಡು ಕೈ ಬೇಕು. ಹಾಗಾಗಿ ರಾಜ ಒಂದು ಕೈ ಕಡಿಸಿದರೆ ವಾದಕ ಸತ್ತಂತೆಯೇ, ಹಳ್ಳಿಗೆ ಅಟ್ಟಿದ ಮೇಲೆ ಅವನ ನೆನಪೂ ಸತ್ತಂತೆಯೇ. ಹಿಂದುಳಿದ ಗ್ರಹಕ್ಕೆ ಹೊಸ ತಂತ್ರಜ್ಞಾನ ಕೊಡಬಾರದೆಂಬ ಬ್ಯೂರೋದ ನಿಯಮದಲ್ಲಿ ಒಂದೇ ಒಂದು ವಸ್ತುವಿಗೆ ವಿನಾಯಿತಿ ಇದೆ. ಫೋರ್ಜಾನ್ ಆರಿಸುವುದು ಕಹಳೆಯನ್ನು. ಅದಕ್ಕೆ ಒಂದು ಕೈ ಸಾಕು, ಉಸಿರು ಸಾಕು. ಮರೆಯಾಗಿದ್ದವರು ಊರಿಗೆ ಬಂದು ಊದುತ್ತಾರೆ, ಜನ ಮರುಳಾಗುತ್ತಾರೆ. ತಾನೇ ಕೈ ಕಡಿಸಿದವರನ್ನು ಎದುರಿಗೆ ನೋಡಲಾರದ ರಾಜ ಆ ಸಂಗೀತವನ್ನೇ ತಡೆಯಹೊರಡುತ್ತಾನೆ. ಶತಮಾನಗಳ ಕಾಲ ಮಾತಾಡದ ಜನ ಆಗ ತಿರುಗಿಬೀಳುತ್ತಾರೆ.

ಇದು ಬಹಳ ಒಳ್ಳೆಯ ಕಲ್ಪನೆ. ದಬ್ಬಾಳಿಕೆ ಬಾಳುವುದು ಕತ್ತಿಯ ಬಲದಿಂದ ಮಾತ್ರವಲ್ಲ, ಪೆಟ್ಟು ತಿಂದವರನ್ನು ಉಳಿದವರ ಕಣ್ಣಿನಿಂದ ಮರೆಮಾಡುವುದರಿಂದಲೂ ಎಂಬುದನ್ನು ಬಿಗಲ್ ಕಥೆಯ ಸರಳ ಏರ್ಪಾಟಿನಲ್ಲಿಯೇ ಹೇಳಿಬಿಡುತ್ತಾರೆ. ಕೈಯಿಲ್ಲದವರ ಹಳ್ಳಿಗಳ ಪ್ರಸಂಗ ಓದುವಾಗ, ಮುಂಬೈ ಬಳಿಯ ಡೊಂಬಿವಲಿಯಲ್ಲಿ ಬದುಕು ಕಟ್ಟಿಕೊಂಡ ನನ್ನಂಥವನ ಮನಸ್ಸು ಬೇರೆ ಹಳ್ಳಿಗಳ ಕಡೆಗೆ ಹೋಗುತ್ತದೆ. ನನ್ನ ತಕರಾರು ಹುಟ್ಟುವುದೂ ಅಲ್ಲಿಂದಲೇ.

ಮುಂಬೈ ಬಂದರಿನ ಆಚೆ ದಡದಲ್ಲಿ ಹೊಸ ನಗರ ಬೇಕೆಂದು 1960ರ ದಶಕದ ನಡುವಿನಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹತಾ, ಶಿರೀಷ್ ಪಟೇಲ್ ವಾದ ಮಂಡಿಸಿದರು. ಒಳ್ಳೆಯ ಮನಸ್ಸಿನವರು, ದೂರ ನೋಡಬಲ್ಲವರು. ಆ ನಗರ ಕಟ್ಟಲು 1970ರ ಮಾರ್ಚ್ 17ರಂದು ಸಿಡ್ಕೋ ಹುಟ್ಟಿತು, ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸರ್ಕಾರಿ ಕಂಪನಿಯಾಗಿ. ಠಾಣೆ ಮತ್ತು ಇಂದಿನ ರಾಯಗಡ ಜಿಲ್ಲೆಗಳ 95 ಹಳ್ಳಿಗಳ ಭೂಮಿ ನವಿ ಮುಂಬೈಯ ನಕ್ಷೆಯೊಳಗೆ ಬಂತು. ಭತ್ತದ ಗದ್ದೆ, ಉಪ್ಪಿನಾಗರ, ಅಳಿವೆಯ ಮೀನು ನಂಬಿದ್ದ ಆಗ್ರಿ, ಕೋಳಿ ಸಮುದಾಯಗಳ ಜನರನ್ನು ಆ ನಕ್ಷೆ ಬರೆಯುವಾಗ ಯಾರೂ ಕೇಳಲಿಲ್ಲ. ನಗರಕ್ಕೆ ಮಹಾನಗರಪಾಲಿಕೆ ಬಂದದ್ದು 1992ರ ಜನವರಿ 1ಕ್ಕೆ, ಅದರ ಮೊದಲ ಚುನಾವಣೆ 1995ರಲ್ಲಿ. ಅಲ್ಲಿಯವರೆಗೆ ರಸ್ತೆ, ನೀರು, ಸೆಕ್ಟರ್ ಎಲ್ಲವನ್ನೂ ತೀರ್ಮಾನಿಸಿದ್ದು ಒಂದು ಕಂಪನಿ. ಬ್ಯೂರೋದವರಂತೆ ಅವರೂ ಜನರ ಒಳಿತನ್ನೇ ಬಯಸಿದ್ದರು ಎಂದು ನಾನು ನಂಬುತ್ತೇನೆ. ಪ್ರಶ್ನೆ ಉದ್ದೇಶದ್ದಲ್ಲ.

ಆ ಹಳ್ಳಿಗಳಿಗೆ ಯಾರೂ ಹೊರಗಿನಿಂದ ಕಹಳೆ ತಂದುಕೊಡಲಿಲ್ಲ. ಅವುಗಳಲ್ಲೊಂದಾದ ಜಾಸಯಿ ಹಳ್ಳಿಯವರೇ ಆದ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ಊರೂರಲ್ಲಿ ಸಭೆಗಳಾದವು, ಗಂಡಸರು ಹೆಂಗಸರು ಬೀದಿಗಿಳಿದರು. 1984ರ ಜನವರಿ 16 ಮತ್ತು 17ರಂದು ಜಾಸಯಿ ಪರಿಸರದಲ್ಲಿ ಪೊಲೀಸರ ಗುಂಡಿಗೆ ಐವರು ಬಲಿಯಾದರು. ಕಳೆದುಕೊಂಡ ಭೂಮಿಗೆ ಬದಲಾಗಿ ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿಯನ್ನು ಹಿಂದಿರುಗಿಸುವ ಯೋಜನೆ ಈ ಹೋರಾಟದ ಫಲ. ಯಾರ ಪಾಲಿಗೆ ಎಷ್ಟು, ನಗರದ ಯಾವ ಭಾಗದಲ್ಲಿ, ಯಾವಾಗ ಎಂಬ ಜಗಳ ಆ ಮೇಲೂ ನಿಲ್ಲಲಿಲ್ಲ. ನನ್ನ ಲೆಕ್ಕದಲ್ಲಿ ಪ್ರಜಾಪ್ರಭುತ್ವವೆಂದರೆ ಆ ಸಭೆಗಳು, ಆ ಮುಗಿಯದ ಜಗಳ. ಬಿಗಲ್ ಕಾದಂಬರಿಯಲ್ಲಿ ಅದಕ್ಕೆ ಜಾಗ ಸಾಲದು. ಕುರ್ ಜನ ಕೇಳುತ್ತಾರೆ, ಮರುಳಾಗುತ್ತಾರೆ, ರೊಚ್ಚಿಗೇಳುತ್ತಾರೆ. ಒಟ್ಟಿಗೆ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆದು, ನಮಗೆ ಏನು ಬೇಕು ಎಂದು ನಿರ್ಧರಿಸುವ ಹೊಣೆ ಅವರ ಪಾಲಿಗೆ ಬರುವುದಿಲ್ಲ. ಅವರಿಗೆ ಏನು ಬೇಕೆಂಬುದು ಬ್ಯೂರೋಗೆ ಮೊದಲೇ ಗೊತ್ತು. ಗುಟ್ಟಾಗಿ ಮಾಡಿದ ಮಾತ್ರಕ್ಕೆ ಹೇರಿಕೆ ಹೇರಿಕೆಯಾಗದೆ ಉಳಿಯುತ್ತದೆಯೇ? ಕಾದಂಬರಿ ಈ ಪ್ರಶ್ನೆಯ ಹತ್ತಿರ ಬಂದು ಸಾಹಸದ ಓಟದಲ್ಲಿ ಮುಂದೆ ಸಾಗಿಬಿಡುತ್ತದೆ.

ರಾಜ ಇಳಿದ ಮರುದಿನ ಏನು ಎಂಬುದೂ ಹಾಗೆಯೇ ಉಳಿಯುತ್ತದೆ. ಕಲ್ಯಾಣ-ಡೊಂಬಿವಲಿಯವರಿಗೆ ಆ ಮರುದಿನ ಎಷ್ಟು ದೀರ್ಘವೆಂದು ಗೊತ್ತು. 1983ರಲ್ಲಿ ಪಾಲಿಕೆ ಸ್ಥಾಪನೆಯಾದಾಗ ಸುತ್ತಲಿನ 27 ಹಳ್ಳಿಗಳನ್ನು ಒಳಗೆ ಸೇರಿಸಿದರು, 2002ರಲ್ಲಿ ಹೊರಗಿಟ್ಟರು, 2015ರಲ್ಲಿ ಮತ್ತೆ ಸೇರಿಸಿದರು. 2020ರಲ್ಲಿ ಅವುಗಳಲ್ಲಿ 18ನ್ನು ಬೇರ್ಪಡಿಸಲು ಸರ್ಕಾರ ಹೊರಟಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು. ಹಳ್ಳಿಗಳ ಸಂಘರ್ಷ ಸಮಿತಿ ತಮಗೆ ಬೇರೆ ನಗರಪಾಲಿಕೆ ಬೇಕೆಂದು ಕೂಗುತ್ತಲೇ ಬಂದಿದೆ. ಅದೇ 2020ರಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದು, ಚುನಾವಣೆಯಿಲ್ಲದೆ ವರ್ಷಗಟ್ಟಲೆ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಇಲ್ಲಿ ಕೈ ಕಡಿಸುವ ರಾಜನಿಲ್ಲ. ಆದರೆ ನಮ್ಮ ವಾರ್ಡಿನ ನೀರಿನ ಮಾತಾಡಲು ನಾವು ಆರಿಸಿದ ಒಬ್ಬ ಮನುಷ್ಯನೂ ಇರಲಿಲ್ಲ. ರಸ್ತೆ ಆಗುತ್ತಿತ್ತು, ಕಸ ಹೋಗುತ್ತಿತ್ತು, ಬಹಳ ಜನರಿಗೆ ಕೊರತೆ ಕಾಣಿಸಲಿಲ್ಲ. ಕುರ್ ಜನರ ನೆಮ್ಮದಿ ನನಗೆ ನಂಬುವಂತಾದದ್ದು, ಭಯ ಹುಟ್ಟಿಸಿದ್ದು ಈ ಕಾರಣಕ್ಕೆ. ಬಿಗಲ್ ಇಲ್ಲಿ ಸರಿಯಾದ ನರವನ್ನೇ ಮುಟ್ಟಿದ್ದಾರೆ.

ವಾದ್ಯವೊಂದು ನೊಂದವನ ಬಾಯಾಗುವುದು ಕನ್ನಡ ಓದುಗರಿಗೆ ಹೊಸದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ನಮ್ಮೆಲ್ಲರ ಕಿವಿಯಲ್ಲಿದೆ. ದುಡಿ ಚೋಮನದೇ. ಅವನ ಆಸೆ, ಸಾಲ, ಸಾವುಗಳೆಲ್ಲ ಅದರೊಳಗಿಂದಲೇ ಕೇಳಿಸುತ್ತವೆ. ಆದರೆ ಅದು ಒಡೆಯರ ಮನೆಯ ಬಾಗಿಲು ತೆರೆಸುವುದಿಲ್ಲ, ಒಂದು ತುಂಡು ಗದ್ದೆ ಕೊಡಿಸುವುದಿಲ್ಲ. ಕಾರಂತರಿಗೆ ವಾದ್ಯದ ಮಿತಿ ಗೊತ್ತಿತ್ತು. ನಾದ ಕೇಳಿಸಿದರೂ ಕೇಳದಂತೆ ಬದುಕಬಲ್ಲ ಸಮಾಜವನ್ನು ಅವರು ಕಣ್ಣಾರೆ ಕಂಡಿದ್ದರು. ಬಿಗಲ್‌ಗೆ ವಾದ್ಯದ ಮೇಲೆ ಪೂರ್ಣ ನಂಬಿಕೆ. ಒಳ್ಳೆಯ ಸಂಗೀತ ಕೇಳಿದ ಜನ ಅದನ್ನು ಊದಿದವನ ಕತ್ತರಿಸಿದ ಕೈಯನ್ನೂ ನೋಡಿಯೇ ನೋಡುತ್ತಾರೆಂಬ ನಂಬಿಕೆ. ಡೋಲು ಬಾರಿಸಿದವನನ್ನು ಹೊರಗೇ ನಿಲ್ಲಿಸಿ ಮದುವೆ ಮುಗಿಸುವ ನಾಡಿನಲ್ಲಿ ಹುಟ್ಟಿದ ನನಗೆ ಅದನ್ನು ಒಪ್ಪಲು ಕಷ್ಟ. ಮರಾಠಿಯಲ್ಲಿ ಕವಿ ಕೇಶವಸುತ 1893ರಲ್ಲಿ ಬರೆದ ‘ತುತಾರಿ’ (ಕಹಳೆ) ಕವನ ನನಗೆ ಇಬ್ಬರ ನಡುವೆ ನಿಂತಂತೆ ಕಾಣುತ್ತದೆ. ಅಲ್ಲಿ ಕಹಳೆ ಬೇಕೆಂದು ಕೇಳುವವನೂ ಕವಿಯೇ, ಊದುವವನೂ ಕವಿಯೇ. ಫೋರ್ಜಾನನ ಒಂಟಿಕೈ ವಾದಕರು ಕೇಳಿ ಪಡೆದವರಲ್ಲ.

ಸೋವಿಯತ್ ದೇಶದ ಸ್ಟ್ರುಗಾಟ್ಸ್ಕಿ ಸಹೋದರರು 1964ರಲ್ಲಿಯೇ ‘ಹಾರ್ಡ್ ಟು ಬಿ ಎ ಗಾಡ್’ನಲ್ಲಿ ಇದೇ ಇಕ್ಕಟ್ಟನ್ನು ಹೆಚ್ಚು ಕಠಿಣವಾಗಿ ಕಂಡಿದ್ದರು. ಅಲ್ಲಿ ಭೂಮಿಯಿಂದ ಹೋದ ವೀಕ್ಷಕ ಕೊನೆಗೆ ಕತ್ತಿ ಹಿಡಿಯುತ್ತಾನೆ, ಅದರಿಂದ ಯಾರೂ ಉದ್ಧಾರವಾಗುವುದಿಲ್ಲ. ಅದರ ಪಕ್ಕದಲ್ಲಿಟ್ಟರೆ ಬಿಗಲ್ ಕೃತಿ ಹಗುರ. ಆದರೂ ಓದಬೇಕಾದ ಪುಸ್ತಕವಿದು. ಕಲೆಯನ್ನು ಹೊಟ್ಟೆ ತುಂಬಿದವರ ಹವ್ಯಾಸವೆಂದು ತಳ್ಳದೆ ಪೌರನ ಹಕ್ಕಿನಷ್ಟೇ ದೊಡ್ಡದೆಂದು ಹಿಡಿದ ವೈಜ್ಞಾನಿಕ ಕಾದಂಬರಿಗಳು ವಿರಳ.

ಓದುವವರು 1971ರ ಮುಂದಿನ ಭಾಗ ‘ದಿ ವರ್ಲ್ಡ್ ಮೆಂಡರ್ಸ್’ ಅನ್ನೂ ಇದರ ಜೊತೆಗೇ ಓದಲಿ. ಅಲ್ಲಿ ಅದೇ ಬ್ಯೂರೋ, ಬೇರೊಂದು ಗ್ರಹ. ಗುಲಾಮರನ್ನು ದಂಗೆ ಏಳಿಸಲು ಹೋದವನಿಗೆ ಅವರು ಓಗೊಡುವುದೇ ಇಲ್ಲ. ತಾನು ಅವರನ್ನು ತಿಳಿದೇ ಇರಲಿಲ್ಲವೇನೋ ಎಂಬ ಶಂಕೆ ಅವನನ್ನು ಹಿಡಿಯುತ್ತದೆ. ಮೊದಲ ಪುಸ್ತಕದಲ್ಲಿ ನಾನು ಹುಡುಕಿ ಕಾಣದೆ ಹೋದದ್ದು ಆ ಶಂಕೆಯನ್ನೇ.