ಅನೇಕಾಂತದ ಒರೆಗಲ್ಲಿನಲ್ಲಿ ಇಂಗ್ಲೆಂಡಿನ ಧರ್ಮಶಿಕ್ಷಣ

ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತಕ್ಕೆ ಸೇರಿದ ಸಾಮಾನ್ಯ ಶಾಲೆಗಳ ಧರ್ಮಶಿಕ್ಷಣದ ಪಠ್ಯಕ್ರಮವು ರಾಜಧಾನಿಯಲ್ಲಲ್ಲ, ಆಯಾ ಪ್ರದೇಶದಲ್ಲಿಯೇ ನಿರ್ಣಯವಾಗುತ್ತದೆ. ಅದರ ಮೇಲ್ವಿಚಾರಣೆಗೆಂದು 1988ರ ಶಿಕ್ಷಣ ಸುಧಾರಣಾ ಕಾಯಿದೆಯು ಎಲ್ಲೆಡೆ ಸಲಹಾ ಮಂಡಲಿಗಳನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಲೆಸ್ಟರ್ ನಗರದಲ್ಲಿ ಜಿನಮಂದಿರದ ಪ್ರತಿಷ್ಠೆಯೂ ನೆರವೇರಿತು.

ವಿವಿಧ ಧರ್ಮೀಯರು, ಶಿಕ್ಷಕರು, ಆಡಳಿತದವರು ಒಂದೆಡೆ ಕುಳಿತು ವಿಚಾರಿಸುವ ಈ ಪದ್ಧತಿ ಶ್ಲಾಘನೀಯವೇ ಸರಿ. ಆದರೆ ಅಲ್ಲಿ ಆಂಗ್ಲಿಕನ್ ಚರ್ಚಿಗೆ ಪ್ರತ್ಯೇಕವಾಗಿ ಒಂದು ಮತ. ಇತರ ಕ್ರೈಸ್ತ ಪಂಗಡಗಳೂ ಉಳಿದೆಲ್ಲ ಧರ್ಮಗಳೂ ಕೂಡಿ ಒಂದೇ ಮತ. 1994ರಲ್ಲಿ ಹೊರಬಂದ ರಾಷ್ಟ್ರೀಯ ಮಾದರಿ ಪಠ್ಯಕ್ರಮಗಳು ಆರು ಧರ್ಮಗಳನ್ನು ನಿರೂಪಿಸಿದವು, ಜೈನಧರ್ಮ ಅವುಗಳಲ್ಲಿರಲಿಲ್ಲ. ಜನಸಂಖ್ಯೆಯೇ ಅರಿವಿನ ಅಳತೆಯಾದರೆ ಅದು ಏಕಾಂತದೃಷ್ಟಿಯಲ್ಲವೇ?

ಆದರೂ ದೂರುವುದಷ್ಟೇ ನಮ್ಮ ಕರ್ತವ್ಯವಲ್ಲ. ಮಂಡಲಿಯಲ್ಲಿ ಆಸನ ದೊರೆತಾಗ, ಅನ್ಯಧರ್ಮೀಯ ಮಗುವಿಗೂ ಅಹಿಂಸೆಯನ್ನು ತಿಳಿಯಹೇಳಬಲ್ಲ ಶ್ರಾವಕ ಶ್ರಾವಿಕೆಯರು ಸಿದ್ಧರಿರಬೇಕು. ಇಲ್ಲಿಯ ನಮ್ಮ ಬಸದಿಗಳ ಪಾಠಶಾಲೆಗಳಲ್ಲಿಯೂ ಪರಧರ್ಮಗಳನ್ನು ಕುರಿತು ಗೌರವದಿಂದ ಎಷ್ಟು ಕಲಿಸುತ್ತಿದ್ದೇವೆಂದು ಟ್ರಸ್ಟುಗಳು ಆತ್ಮಾವಲೋಕನ ಮಾಡಿಕೊಳ್ಳಲಿ. ಪರರ ಪುಸ್ತಕದಲ್ಲಿ ನಾವು ಬೇಡುವ ಒಂದು ಪುಟವನ್ನು ಮೊದಲು ನಮ್ಮ ಪುಸ್ತಕದಲ್ಲಿ ಪರರಿಗೆ ಕೊಡಬೇಕು.