ನೀಲಿ ಗುಂಡಿ, ಏಳು ಸೆಕೆಂಡಿನ ಚೀಟಿ

ಹತ್ತು ಸಾವಿರ ರೂಪಾಯಿಯ ಫೋನು ಕೊಳ್ಳುವ ಮುನ್ನ ನಾಲ್ಕು ಜನರನ್ನು ಕೇಳುವವರು ನಾವು. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ, ಕೆಟ್ಟರೆ ಯಾರು ನೋಡುತ್ತಾರೆ, ಕಂಪನಿ ಕೊಟ್ಟ ಮಾತಿಗೆ ನಿಲ್ಲುತ್ತದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಸರ್ಕಾರವನ್ನೇ ಆರಿಸಿಕೊಡುವ ಯಂತ್ರಕ್ಕೆ ಮಾತ್ರ ಇಂಥ ವಿಚಾರಣೆ ಸಿಕ್ಕಿಲ್ಲ. ಸೋತ ಪಕ್ಷ ಅದನ್ನು ದೂರುತ್ತದೆ, ಗೆದ್ದ ಪಕ್ಷ ಹೊಗಳುತ್ತದೆ, ಮುಂದಿನ ಚುನಾವಣೆಯಲ್ಲಿ ಇಬ್ಬರೂ ಜಾಗ ಬದಲಿಸಿಕೊಳ್ಳುತ್ತಾರೆ. ಇವಿಎಂ ಎಂಬ ಈ ಮತಯಂತ್ರ ಕೈಗೆ ಸಿಗುವ ಒಂದು ವಸ್ತು. ಅದನ್ನು ರೂಪಿಸಿದವರಿದ್ದಾರೆ, ಬಳಸುವವರಿದ್ದಾರೆ. ಬಳಸುವವರ ಕಡೆ ನಿಂತು ತೂಗಿ ನೋಡಿದರೆ ನನಗೆ ಅನ್ನಿಸುವುದಿಷ್ಟು: ಮತ ಹಾಕಲು ಇದಕ್ಕಿಂತ ಒಳ್ಳೆಯ ಯಂತ್ರ ಮಾಡುವುದು ಕಷ್ಟ. ಅನುಮಾನ ಬಂದವರಿಗೆ ಮಾತ್ರ ಇದರಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಸೇರಿಸಿದ್ದೂ ಅರೆಮನಸ್ಸಿನದು.

ಇಂದಿನ ಕಣ್ಣಿಗೆ ಇದು ಹಳೇ ಕಾಲದ ಯಂತ್ರ. ಪರದೆ ಮುಟ್ಟಿ ನಡೆಸುವಂಥದ್ದಲ್ಲ, ಇಂಟರ್ನೆಟ್ಟಿಲ್ಲ, ಒಂದು ಕೆಲಸ ಬಿಟ್ಟು ಇನ್ನೊಂದು ಬಾರದು. ಹೆಸರು, ಚಿಹ್ನೆ, ಪಕ್ಕದಲ್ಲಿ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಉದ್ದಕ್ಕೆ ಬೀಪ್ ಸದ್ದು ಬರುತ್ತದೆ. ಓದು ಬಾರದವರು, ಕಣ್ಣು ಮಂಜಾದವರು, ಮೊದಲ ಸಲ ಬಂದ ಹುಡುಗಿ, ಯಾರಿಗೂ ಪಾಠ ಬೇಕಿಲ್ಲ. ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟಿಲ್ಲದ ಕಾಡಂಚಿನ ಶಾಲೆಯಲ್ಲೂ ಮತದಾನ ನಿಲ್ಲುವುದಿಲ್ಲ. ಈ ಸರಳತೆ ತಾನಾಗಿ ಬಂದದ್ದಲ್ಲ. ಹೈದರಾಬಾದಿನ ಇಸಿಐಎಲ್ ಮೊದಲ ಮಾದರಿ ಮಾಡಿತು, ಬೆಂಗಳೂರಿನ ಬಿಇಎಲ್ ಜೊತೆಗೂಡಿತು. ಹೊರಮೈಯ ವಿನ್ಯಾಸದಲ್ಲಿ ಮುಂಬೈ ಐಐಟಿಯ ಪ್ರಾಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈಯಿದೆ. ಬಿಇಎಲ್‌ನಲ್ಲಿ ಈ ಕೆಲಸದ ಉಸ್ತುವಾರಿ ವಹಿಸಿದ್ದ ಎಂಜಿನಿಯರ್ ಎಸ್. ರಂಗರಾಜನ್, ತಮಿಳು ಓದುಗರಿಗೆಲ್ಲ ‘ಸುಜಾತಾ’ ಎಂಬ ಹೆಸರಿನಲ್ಲಿ ಪರಿಚಿತರಾದ ಕಥೆಗಾರ. ಸಾಮಾನ್ಯ ಓದುಗನ ಮನಸ್ಸನ್ನು ಅಷ್ಟು ಬಲ್ಲ ಒಬ್ಬ ಲೇಖಕ ಈ ಯಂತ್ರದ ಹಿಂದೆ ಇದ್ದರೆಂಬುದು ನನಗೆ ತುಂಬಾ ಇಷ್ಟವಾದ ಸಂಗತಿ.

ಕಾಗದದ ಕಾಲವನ್ನು ಕಂಡವರಿಗೆ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತು. ಠಸ್ಸೆ ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ ಬಿದ್ದರೆ ಮತ ಅಸಿಂಧು. ಮಡಚುವಾಗ ಶಾಯಿ ಆಚೆ ಕಡೆಗೂ ಅಂಟಿದರೆ ಎಣಿಕೆಯ ಮೇಜಿನ ಮುಂದೆ ಏಜೆಂಟರ ಜಗಳ. ಮತಗಟ್ಟೆಗೆ ನುಗ್ಗಿದ ಗುಂಪು ಕಟ್ಟುಕಟ್ಟು ಮತಪತ್ರಕ್ಕೆ ಠಸ್ಸೆ ಒತ್ತಿ ಪೆಟ್ಟಿಗೆ ತುಂಬಿ ಹೋಗಬಹುದಿತ್ತು. ಯಂತ್ರ ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ತೆಗೆದುಕೊಳ್ಳುವುದಿಲ್ಲ, ಪ್ರತಿ ಮತಕ್ಕೂ ಅಧಿಕಾರಿ ತನ್ನ ಮೇಜಿನ ಮೇಲಿನ ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತಿ ಅನುಮತಿ ಕೊಡಬೇಕು, ಗಲಾಟೆಯಾದರೆ ‘ಕ್ಲೋಸ್’ ಒತ್ತಿದ ಕೂಡಲೇ ಬಾಗಿಲು ಮುಚ್ಚಿದ ಹಾಗೆ. ರೌಡಿಯ ಕೈಯನ್ನು ನಿಧಾನಗೊಳಿಸಿದ್ದು ಈ ಯಂತ್ರದ ದೊಡ್ಡ ಸಾಧನೆ. ಆ ಶ್ರೇಯಸ್ಸನ್ನು ಅದಕ್ಕೆ ಕೊಡದವರ ಟೀಕೆಯನ್ನು ನಾನು ಪೂರ್ತಿ ನಂಬಲಾರೆ.

ಅದಕ್ಕೂ ಮಿತಿಗಳಿವೆ. ಗುಂಡಿಗಳಿರುವ ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ 16 ಹೆಸರು ಹಿಡಿಸುತ್ತವೆ. ಇಂದಿನ ಮಾದರಿಗೆ 24 ಯೂನಿಟ್‌ವರೆಗೆ ಜೋಡಿಸಬಹುದು, ಅಂದರೆ ನೋಟಾ ಸೇರಿ 384. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಕಣಕ್ಕಿಳಿದವರು 456 ಮಂದಿ! ಅದು ಗಡಿ ವಿವಾದದ ಪ್ರತಿಭಟನೆಯಾಗಿತ್ತು. ಆ ಪಟ್ಟಿಯನ್ನು ಇಂದಿನ ಯಂತ್ರವೂ ಹೊರಲಾರದು. ಅದೇ ವರ್ಷ ಠೇವಣಿ ಮೊತ್ತವನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದ ಮೇಲೆ ಅಂಥ ಪಟ್ಟಿಗಳು ಅಪರೂಪವಾದವು.

ನಿಜವಾದ ಕೊರತೆ ಬೇರೆ ಕಡೆ ಇದೆ. ಅದು ಸ್ಪಷ್ಟವಾಗಿ ಕಂಡದ್ದು ನಮ್ಮ ಸಂತೇಮರಹಳ್ಳಿಯಲ್ಲಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದ ಅಂತರ. ಮತಪತ್ರದ ಕಾಲವಾಗಿದ್ದರೆ ಪ್ರತಿ ಹಾಳೆಯನ್ನೂ ಮತ್ತೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಯಂತ್ರದಲ್ಲಿ ಮರುಎಣಿಕೆ ಎಂದರೆ ‘ರಿಸಲ್ಟ್’ ಗುಂಡಿಯನ್ನು ಇನ್ನೊಮ್ಮೆ ಒತ್ತುವುದು. ನೂರು ಸಲ ಒತ್ತಿದರೂ ಅದೇ ಅಂಕಿ. ಆ ಅಂಕಿ ತಪ್ಪೆಂದು ನಾನು ಹೇಳುತ್ತಿಲ್ಲ, ತಪ್ಪೆನ್ನಲು ಯಾವ ಕಾರಣವೂ ನನ್ನ ಬಳಿ ಇಲ್ಲ. ಸರಿ ಎಂದು ಸೋತವರಿಗೆ ತೋರಿಸಲು ಯಂತ್ರದ ಬಳಿಯೂ ಏನೂ ಇರಲಿಲ್ಲ ಎಂಬುದೇ ನನ್ನ ತಕರಾರು.

ಆ ಕೊರತೆ ತುಂಬಲು ಬಂದದ್ದು ವಿವಿಪ್ಯಾಟ್ ಎಂಬ, ಚೀಟಿ ಮುದ್ರಿಸುವ ಯಂತ್ರ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಳಸಿದರು. ಅದೇ ವರ್ಷ ಸುಪ್ರೀಂ ಕೋರ್ಟ್ ಇದು ಅತ್ಯಗತ್ಯ ಎಂದಿತು, 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಎಲ್ಲ ಮತಗಟ್ಟೆಗೂ ಬಂತು. ಗುಂಡಿ ಒತ್ತಿದ ಮೇಲೆ ಕಿಟಕಿಯಲ್ಲಿ ಏಳು ಸೆಕೆಂಡು ದೀಪ ಬೆಳಗುತ್ತದೆ, ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಪುಟ್ಟ ಚೀಟಿ ಕಂಡು ಪೆಟ್ಟಿಗೆಗೆ ಬೀಳುತ್ತದೆ. ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಯಂತ್ರದ ಅಂಕಿಗೂ ಚೀಟಿಯ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಚೀಟಿಯದೇ ಅಂತಿಮ. ಅಂದರೆ ಕಾನೂನಿನ ದೃಷ್ಟಿಯಲ್ಲಿ ಸತ್ಯ ಕಾಗದದ ಮೇಲಿದೆ. ಆ ಸತ್ಯವನ್ನು ಎಷ್ಟು ಓದುತ್ತೇವೆ? ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆಯ ಚೀಟಿಗಳನ್ನು. 2019ರ ಏಪ್ರಿಲ್‌ವರೆಗೆ ಅದೂ ಒಂದೇ ಆಗಿತ್ತು, ಸುಪ್ರೀಂ ಕೋರ್ಟ್ ಐದಕ್ಕೆ ಏರಿಸಿತು.

ಈ ಐದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಮತಗಟ್ಟೆಗಳು 58 ಸಾವಿರಕ್ಕೂ ಹೆಚ್ಚು, ಕ್ಷೇತ್ರಗಳು 224. ತಾಳೆ ನೋಡುವುದು 1,120 ಗಟ್ಟೆಗಳನ್ನು. ರಾಜ್ಯದ ಉದ್ದಗಲಕ್ಕೂ ಯಂತ್ರಗಳನ್ನು ಯಾರೋ ತಿರುಚಿದ್ದಾರೆ ಎಂಬ ಆರೋಪಕ್ಕೆ ಇಷ್ಟು ತಾಳೆ ಸಾಕಾದ ಉತ್ತರ, ಅಷ್ಟು ದೊಡ್ಡ ಮೋಸ 1,120 ಕಡೆ ಹುಡುಕಿದರೂ ಸಿಗದೆ ಹೋಗುವುದು ಅಸಾಧ್ಯಕ್ಕೆ ಹತ್ತಿರ. ದೇಶದಲ್ಲಿ ಈವರೆಗೆ ನಾಲ್ಕು ಕೋಟಿಗೂ ಹೆಚ್ಚು ಚೀಟಿಗಳನ್ನು ತಾಳೆ ನೋಡಲಾಗಿದೆ ಎಂದು 2024ರಲ್ಲಿ ಚುನಾವಣಾ ಆಯೋಗ ನ್ಯಾಯಾಲಯಕ್ಕೆ ತಿಳಿಸಿತ್ತು. ಆಂಧ್ರದ ಮೈದುಕೂರಿನಲ್ಲಿ ಒಮ್ಮೆ ಕಂಡ ವ್ಯತ್ಯಾಸಕ್ಕೆ ಅಣಕು ಮತದಾನದ ಲೆಕ್ಕವನ್ನು ಅಳಿಸದೆ ಬಿಟ್ಟದ್ದು ಕಾರಣವಾಗಿತ್ತು. ಇದು ಯಂತ್ರದ ಪರವಾಗಿರುವ ಗಟ್ಟಿ ಪುರಾವೆ. ಆದರೆ ಒಂದೇ ಕ್ಷೇತ್ರಕ್ಕೆ ಬಂದಾಗ ಚಿತ್ರ ಬದಲಾಗುತ್ತದೆ. ಸುಮಾರು 260 ಗಟ್ಟೆಗಳಲ್ಲಿ ಐದು ಯಂತ್ರಗಳಲ್ಲಿ, ಕಾರಣ ಏನೇ ಇರಲಿ, ದೋಷವಿದೆ ಎಂದುಕೊಳ್ಳಿ. ಲಾಟರಿ ಎತ್ತಿ ಆರಿಸಿದ ಐದರಲ್ಲಿ ಅವುಗಳ ಪೈಕಿ ಒಂದಾದರೂ ಬರುವ ಸಂಭವ ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಮೂವತ್ತು ಸಾವಿರದ ಗೆಲುವಿಗೆ ಇದರಿಂದ ಏನೂ ಆಗದು. 2023ರಲ್ಲಿ ಜಯನಗರದ ಅಂತರ 16 ಮತ, ಗಾಂಧಿನಗರದ್ದು 105, ಶೃಂಗೇರಿಯದ್ದು 201, ಮಾಲೂರಿನದ್ದು 248. ಮೂವತ್ತು ಸಾವಿರದ ಗೆಲುವಿಗೂ ಹದಿನಾರರ ಗೆಲುವಿಗೂ ಒಂದೇ ಐದು ಎನ್ನುವ ನಿಯಮಕ್ಕೆ ಗಣಿತದ ಆಧಾರವಿಲ್ಲ. ಪೂರ್ತಿ ಎಣಿಸಿ ಎಂದು ಅಭ್ಯರ್ಥಿ ಬರೆದು ಕೇಳಬಹುದು, ಒಪ್ಪುವುದು ಬಿಡುವುದು ಚುನಾವಣಾಧಿಕಾರಿಗೆ ಸೇರಿದ್ದು. ನಂಬಿಕೆಯ ವಿಷಯವನ್ನು ಒಬ್ಬ ಅಧಿಕಾರಿಯ ಆ ರಾತ್ರಿಯ ವಿವೇಚನೆಗೆ ಬಿಡುವುದು ಅಧಿಕಾರಿಗೂ ಅನ್ಯಾಯ.

ವಿವಿಪ್ಯಾಟ್ ಇನ್ನೊಂದು ತೊಡಕನ್ನೂ ತಂದಿತು, ಇದನ್ನು ಹೆಚ್ಚು ಜನ ಗಮನಿಸಿಲ್ಲ. ಹಳೆಯ ಯಂತ್ರಕ್ಕೆ ಅಭ್ಯರ್ಥಿ ಯಾರೆಂದೇ ಗೊತ್ತಿರಲಿಲ್ಲ. ಮೂರನೇ ಗುಂಡಿಗೆ ಇಷ್ಟು, ಏಳನೇ ಗುಂಡಿಗೆ ಇಷ್ಟು ಎಂದಷ್ಟೇ ಅದರ ಲೆಕ್ಕ. ಆಯಾ ಭಾಷೆಯ ಅಕ್ಷರಕ್ರಮದಲ್ಲಿ ಹೆಸರು ಬರುವುದರಿಂದ ಯಾವ ಪಕ್ಷಕ್ಕೆ ಯಾವ ಗುಂಡಿ ಎಂಬುದು ನಾಮಪತ್ರ ವಾಪಸಾತಿ ಮುಗಿಯುವವರೆಗೆ ಯಾರಿಗೂ ತಿಳಿಯದು. ಈ ಅಜ್ಞಾನವೇ ಅದರ ದೊಡ್ಡ ಕಾವಲು. ಚೀಟಿ ಮುದ್ರಿಸಬೇಕಾದ ಯಂತ್ರಕ್ಕೆ ಹೆಸರೂ ಚಿಹ್ನೆಯೂ ಗೊತ್ತಿರಲೇಬೇಕು. ಹಾಗಾಗಿ ಮತದಾನಕ್ಕೆ ಮೊದಲು ಚಿಹ್ನೆ ತುಂಬುವ ಒಂದು ಘಟಕದ ಮೂಲಕ ಅವನ್ನು ಒಳಗೆ ಕಳಿಸುತ್ತಾರೆ. ಆ ಘಟಕಗಳಿಗೂ ಮೊಹರು ಹಾಕಿ ಫಲಿತಾಂಶದ ನಂತರ 45 ದಿನ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಏಪ್ರಿಲ್ 26ರಂದು. ಅಂದೇ ದಕ್ಷಿಣ ಕರ್ನಾಟಕದ 14 ಕ್ಷೇತ್ರಗಳ ಜನ ಸಾಲಿನಲ್ಲಿ ನಿಂತು ಮತ ಹಾಕುತ್ತಿದ್ದರು. ಅಗತ್ಯವಾಗಿದ್ದ ಎಚ್ಚರಿಕೆ ಇದು, ನ್ಯಾಯಾಲಯ ಹೇಳುವವರೆಗೆ ಕಾಯಬೇಕಾಗಿರಲಿಲ್ಲ.

ಇನ್ನು ಗಟ್ಟೆಯೊಳಗೇ ಅನುಮಾನ ಬಂದವರ ಪಾಡು. ನಾನು ಒತ್ತಿದ್ದು ಒಂದು, ಚೀಟಿಯಲ್ಲಿ ಕಂಡದ್ದು ಇನ್ನೊಂದು ಎನ್ನುವವರು ಬರವಣಿಗೆಯಲ್ಲಿ ಕೊಡಬೇಕು. ಏಜೆಂಟರ ಮುಂದೆ ಪರೀಕ್ಷೆಗೆ ಇನ್ನೊಂದು ಮತ ಹಾಕಿಸುತ್ತಾರೆ. ಆಗ ಸರಿಯಾಗಿ ಬಂದರೆ ದೂರು ಸುಳ್ಳು, ದೂರಿದವರ ಮೇಲೆ ಮೊಕದ್ದಮೆ ಹೂಡಬಹುದು. ಇಲ್ಲಿ ತರ್ಕವೇ ಮುರಿದಿದೆ. ಎರಡನೇ ಸಲ ಸರಿಯಾಗಿ ಬಂದ ಮಾತ್ರಕ್ಕೆ ಮೊದಲ ಸಲವೂ ಸರಿಯಿತ್ತು ಎಂದಾಗುವುದಿಲ್ಲ. ಕೂಲಿ ಬಿಟ್ಟು ಬಂದ ಹೆಂಗಸೊಬ್ಬಳು ಜೈಲಿನ ಮಾತು ಕೇಳಿದ ಮೇಲೆ ಬಾಯಿ ಬಿಡುತ್ತಾಳೆಯೇ? ಅಂಗಡಿಯ ಗ್ರಾಹಕಿಗೆ ಇರುವ ರಕ್ಷಣೆ ಮತದಾರಳಿಗೆ ಇಲ್ಲ. ಸುಮ್ಮನೆ ಗಲಾಟೆ ಎಬ್ಬಿಸುವವರನ್ನು ತಡೆಯಲು ಬೇರೆ ಕಾನೂನುಗಳು ಸಾಕಷ್ಟಿವೆ. ಈ ನಿಯಮ ಹೋಗಬೇಕು.

ಹಳ್ಳಿಯವರಿಗೆ ಮುಟ್ಟುವ ಮತ್ತೊಂದು ನೋವಿದೆ. ಹಿಂದೆ ಹಲವು ಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ಅವಕಾಶವಿತ್ತು. ಈಗ ಗಟ್ಟೆವಾರು ಅಂಕಿ ಹೊರಬರುತ್ತದೆ. ಒಂದೇ ಗಟ್ಟೆಯ ಊರಿನಲ್ಲಿ, ಯಾವ ಕೇರಿ ಕೈಕೊಟ್ಟಿತು ಎಂದು ಮುಖಂಡರು ಸಂಜೆಯೊಳಗೆ ಲೆಕ್ಕ ಹಾಕುತ್ತಾರೆ. ಆಮೇಲೆ ನಲ್ಲಿ ನೀರು, ರಸ್ತೆ, ಮನೆ ಮಂಜೂರಾತಿಯಲ್ಲಿ ಅದರ ಸೇಡು ತೀರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಹದಿನಾಲ್ಕು ಯಂತ್ರಗಳ ಮೊತ್ತವನ್ನು ಒಟ್ಟಾಗಿ ಹೇಳುವ ‘ಟೋಟಲೈಸರ್’ ಎಂಬ ಸಾಧನವನ್ನು ಆಯೋಗ 2008ರಲ್ಲೇ ಪ್ರಸ್ತಾಪಿಸಿತ್ತು. 2015ರ ತನ್ನ 255ನೇ ವರದಿಯಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಮತದ ಗುಟ್ಟು ಒಬ್ಬೊಬ್ಬರದು ಹೇಗೋ ಹಾಗೆ ಒಂದು ಕೇರಿಯದೂ ಹೌದು. ಮೋಸದ ಆರೋಪಕ್ಕೆ ಸಿಕ್ಕ ಟಿವಿ ಚರ್ಚೆಯ ಹತ್ತನೇ ಒಂದು ಪಾಲೂ ಈ ವಿಷಯಕ್ಕೆ ಸಿಗಲಿಲ್ಲವೆಂಬುದು ನನ್ನ ಬೇಸರ.

ಹಾಗಾದರೆ ಮತಪತ್ರಕ್ಕೇ ಹಿಂದಿರುಗೋಣವೇ? ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರ ಬಳಸಲು ಶಿಫಾರಸು ಮಾಡುವುದೆಂದು ಕರ್ನಾಟಕದ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಜರ್ಮನಿಯ ಉದಾಹರಣೆಯನ್ನು ಬಹಳ ಜನ ಕೊಡುತ್ತಾರೆ. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಯಂತ್ರಗಳ ಬಳಕೆಯನ್ನು ತಳ್ಳಿಹಾಕಿತು ನಿಜ. ಅದು ಮುಂದಿಟ್ಟ ತತ್ವವನ್ನು ನೋಡಬೇಕು: ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಪ್ರಜೆಯೂ ಪರಿಶೀಲಿಸುವಂತಿರಬೇಕು. ಜರ್ಮನಿಯ ಆ ಯಂತ್ರಗಳಲ್ಲಿ ಕಾಗದದ ದಾಖಲೆ ಇರಲಿಲ್ಲ. ನಮ್ಮಲ್ಲಿ ಇದೆ. ಆ ತತ್ವಕ್ಕೆ ಬೇಕಾದ ಸಾಮಗ್ರಿ ಪ್ರತಿ ಗಟ್ಟೆಯಲ್ಲೂ ಪೆಟ್ಟಿಗೆಯೊಳಗೆ ಬಿದ್ದಿದೆ. ಕಟ್ಟುಗಟ್ಟಲೆ ಠಸ್ಸೆ ಒತ್ತುವ ಕೈಗಳಿಗೆ ಅತಿ ಸುಲಭವಾಗಿ ಸಿಗುವುದು ಪಂಚಾಯಿತಿ, ವಾರ್ಡುಗಳ ಚುನಾವಣೆಯೇ. ಅಲ್ಲಿ ಯಂತ್ರ ತೆಗೆಯುವುದು ನನಗೆ ಸರಿಕಾಣದು. ಅಲ್ಲಿಗೆ ವಿವಿಪ್ಯಾಟ್ ತರುವುದು ಸರಿಯಾದ ದಾರಿ.

ಮರುಪರಿಶೀಲನೆ ಏನು ಮಾಡಬಲ್ಲದು ಎಂಬುದನ್ನು ಹರಿಯಾಣದ ಬುವಾನಾ ಲಾಖು ಎಂಬ ಹಳ್ಳಿ ತೋರಿಸಿತು. ಅಲ್ಲಿ 2022ರ ನವೆಂಬರ್‌ನಲ್ಲಿ ನಡೆದ ಸರಪಂಚ ಚುನಾವಣೆಯ ಯಂತ್ರಗಳನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ತನ್ನ ಆವರಣಕ್ಕೇ ತರಿಸಿ ಎಣಿಸಿತು. ಸೋತವರೆಂದು ಘೋಷಿತರಾಗಿದ್ದವರು 51 ಮತಗಳಿಂದ ಗೆದ್ದಿದ್ದರು. ಯಂತ್ರ ತನ್ನೊಳಗಿನ ಅಂಕಿಯನ್ನು ಸರಿಯಾಗಿಯೇ ಇಟ್ಟುಕೊಂಡಿತ್ತು, ಘೋಷಿಸಿದ ಫಲಿತಾಂಶ ತಪ್ಪಿತ್ತು. ಯಂತ್ರವನ್ನು ಸಮರ್ಥಿಸುವವರಿಗೂ ದೂರುವವರಿಗೂ ಈ ಪ್ರಕರಣದಲ್ಲಿ ಪಾಠವಿದೆ, ಆದರೆ ಸರಿಯಾದ ಸರಪಂಚ ಕುರ್ಚಿಗೆ ಬರುವಷ್ಟರಲ್ಲಿ ಮೂರು ವರ್ಷ ಹತ್ತಿರವಾಗಿತ್ತು. ನಮ್ಮ ಮಾಲೂರಿನ ವಿಷಯದಲ್ಲೂ 2023ರ ಮೇ ತಿಂಗಳ ಎಣಿಕೆಗೆ ಹೈಕೋರ್ಟಿನ ಮರುಎಣಿಕೆಯ ಆದೇಶ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಪರಿಶೀಲನೆ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಆಗುವುದಕ್ಕಿಂತ ಎಣಿಕೆಯ ಮೇಜಿನಲ್ಲೇ, ಏಜೆಂಟರು ಎದ್ದು ಹೋಗುವ ಮುನ್ನ ಆಗಬೇಕು.

ಅದಕ್ಕೆ ಬೇಕಾದ ನಿಯಮ ಕಷ್ಟದ್ದೇನೂ ಅಲ್ಲ. ಗೆಲುವಿನ ಅಂತರ ಕಿರಿದಾದಷ್ಟೂ ಹೆಚ್ಚು ಗಟ್ಟೆಗಳ ಚೀಟಿ ಎಣಿಸಬೇಕು. ಅಂತರ ಸಾವಿರದೊಳಗೆ ಇದ್ದರೆ, ಯಾರೂ ಅರ್ಜಿ ಕೊಡದಿದ್ದರೂ, ಆ ಕ್ಷೇತ್ರದ ಎಲ್ಲ ಚೀಟಿ ಎಣಿಸಬೇಕು. ಎಲ್ಲೆಡೆ ಎಣಿಸಿದರೆ ಫಲಿತಾಂಶ ದಿನಗಟ್ಟಲೆ ತಡವಾಗುತ್ತದೆ ಎಂಬ ಆಯೋಗದ ವಾದವನ್ನು ಒಪ್ಪೋಣ. ಆದರೆ ಅಷ್ಟು ಬಿಗಿ ಪೈಪೋಟಿಯ ಕ್ಷೇತ್ರಗಳು ಒಂದು ರಾಜ್ಯದಲ್ಲಿ ಕೆಲವೇ ಇರುತ್ತವೆ. ಎರಡು ದಿನ ತಡವಾದರೂ ಅಲ್ಲಿನ ಮತದಾರರು ಕಾಯುತ್ತಾರೆ. ಚೀಟಿ ಎಣಿಸಲು ಯಂತ್ರ ಬಳಸಬಹುದೇ, ಚಿಹ್ನೆಯ ಜೊತೆ ಪ್ರತಿ ಪಕ್ಷಕ್ಕೂ ಬಾರ್‌ಕೋಡ್ ಮುದ್ರಿಸಬಹುದೇ ಎಂದು ಪರಿಶೀಲಿಸುವಂತೆ ಏಪ್ರಿಲ್ 26ರ ಆ ತೀರ್ಪಿನಲ್ಲೇ ಸಲಹೆಯಿದೆ. ಬಿಹಾರದಿಂದ ಶುರುಮಾಡಿ ಯಂತ್ರದ ಮತಪತ್ರದ ಮೇಲೆ ಅಭ್ಯರ್ಥಿಗಳ ಬಣ್ಣದ ಫೋಟೋ ಹಾಕಲು ಆಯೋಗಕ್ಕೆ 2025ರಲ್ಲಿ ಸಾಧ್ಯವಾಯಿತು. ಚೀಟಿಯ ಮೇಲೆ ಬಾರ್‌ಕೋಡ್ ಹಾಕುವುದು ಅದಕ್ಕಿಂತ ದೊಡ್ಡ ಕೆಲಸವಲ್ಲ. ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಅಷ್ಟರೊಳಗೆ ಇದು ಆಗಬೇಕೆಂದು ನಮ್ಮ ಪಕ್ಷಗಳು ಸೋತ ಮರುದಿನವಲ್ಲ, ಈಗಲೇ ಕೇಳಬೇಕು.